ಇಪ್ಪತ್ಮೂರು ಗಂಟೆಯ ದನಿ

ಜೂನ್ 3, ಮಂಗಳವಾರ

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಬಾಯಿ ಇರುವವನಿಗೆ ಪೆನ್ನು ಯಾಕೆ ಎಂದುಕೊಂಡೇ ಐವತ್ನಾಲ್ಕು ವರ್ಷ ಕಳೆದವನು ನಾನು. ಇವತ್ತು ಆಸ್ಪತ್ರೆಯಿಂದ ಬರುವಾಗ ಬಸ್‌ ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಈ ನೋಟ್‌ಬುಕ್ ಕೊಂಡೆ.

ಮೂರು ತಿಂಗಳಿಂದ ಗಂಟಲು ಕಟ್ಟಿಕೊಂಡಿದ್ದು ಶೀತದಿಂದ ಅಲ್ಲವಂತೆ. ಧ್ವನಿಪೆಟ್ಟಿಗೆಯಲ್ಲಿ ಗಂಟು. ಕ್ಯಾನ್ಸರ್ ಎಂದು ಗಂಟಲಿನ ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿಬಿಟ್ಟರು. ಬೇಗ ಗೊತ್ತಾಗಿದೆ, ಜೀವಕ್ಕೆ ಅಷ್ಟು ಭಯವಿಲ್ಲ. ಜೂನ್ 26ಕ್ಕೆ ಆಪರೇಷನ್. ಆದರೆ ದನಿ ಉಳಿಯುತ್ತದೋ ಇಲ್ಲವೋ, ಅದು ತೆರೆದು ನೋಡಿದ ಮೇಲೇ ತಿಳಿಯುವುದು. "ಪೂರ್ತಿ ತೆಗೀಬೇಕಾಗಿ ಬಂದ್ರೆ ಮಾತು ಹೋಗುತ್ತೆ. ಅದಕ್ಕೂ ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಎಂದರು. ಅಲ್ಲಿಯವರೆಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಮಾತಾಡಕೂಡದು. ಕೂಗುವುದಂತೂ ಕೂಡದೇ ಕೂಡದು.

ನಾನು ಡ್ರೈವಿಂಗ್ ಕಲಿಸುವವನು. ಕೂಗಬೇಡ ಅಂದರೆ ನನ್ನ ಪಾಲಿಗೆ ಅಂಗಡಿಗೆ ಬಾಗಿಲು ಹಾಕು ಅಂದ ಹಾಗೆ. ಶಿಷ್ಯರು ಬೆನ್ನ ಹಿಂದೆ ನನ್ನನ್ನು 'ಗುಡುಗು ಸರ್' ಅನ್ನುತ್ತಾರೆ. ಅದು ನನಗೆ ಗೊತ್ತು, ಒಳಗೊಳಗೇ ಹೆಮ್ಮೆಯೂ ಇದೆ. ಚರ್ಚಿನಲ್ಲಿ ಮೈಕ್ ಕೈಕೊಟ್ಟರೆ ಎಲ್ಲರೂ ಎಲೆಕ್ಟ್ರಿಷಿಯನ್‌ಗಿಂತ ಮೊದಲು ನನ್ನ ಕಡೆ ನೋಡುತ್ತಾರೆ.

ಬಸ್ಸಿನಲ್ಲಿ ಕೂತು ಬೆರಳು ಮಡಚಿ ಎಣಿಸಿದೆ. ಇವತ್ತೂ ಸೇರಿ ಇಪ್ಪತ್ಮೂರು ದಿನ, ದಿನಕ್ಕೊಂದು ಗಂಟೆ. ಕರ್ತನೇ, ನೀನು ಕೊಟ್ಟ ದನಿಯನ್ನು ಇಷ್ಟು ವರ್ಷ ಮನಸ್ಸು ಬಂದ ಹಾಗೆ ಬಳಸಿದೆ. ಈ ಇಪ್ಪತ್ಮೂರು ಗಂಟೆಯಲ್ಲಿ ಒಂದು ನಿಮಿಷವೂ ವ್ಯರ್ಥವಾಗದಂತೆ ನೋಡಿಕೊಳ್ಳುತ್ತೇನೆ.

ಜೂನ್ 4, ಬುಧವಾರ

ಪಟ್ಟಿ ಸಿದ್ಧವಾಯಿತು. ಅಕ್ಕಪಕ್ಕದ ಮೂರು ಚರ್ಚುಗಳಲ್ಲಿ ಎದ್ದು ನಿಂತು, ದೇವರು ನನ್ನ ಬಾಳಿನಲ್ಲಿ ಮಾಡಿದ್ದಕ್ಕೆ ಸಾಕ್ಷಿ ಹೇಳುವುದು. ನಮ್ಮ ಚರ್ಚಿನಲ್ಲಿ 22ನೇ ತಾರೀಕು ಕೊನೆಯ ಸಾಕ್ಷಿ, ಅದಕ್ಕೆ ಅರ್ಧ ಗಂಟೆ ಪೂರ್ತಿ. ಹಾಸಿಗೆ ಹಿಡಿದ ಐದು ಜನರ ಮನೆಗೆ ಹೋಗಿ ಪ್ರಾರ್ಥನೆ. ಯುವಕರ ಕೂಟದಲ್ಲಿ ಎರಡು ಮಾತು. ಎದುರುಮನೆಯ ದರ್ಜಿ ಹತ್ತು ವರ್ಷದಿಂದ 'ಮುಂದಿನ ಭಾನುವಾರ ಚರ್ಚಿಗೆ ಬರ್ತೀನಿ' ಅನ್ನುತ್ತಲೇ ಇದ್ದಾನೆ, ಈ ಸಲ ಅವನನ್ನು ಬಿಡಬಾರದು. ಮಗಳಿಗೆ, ಮುಂದೆ ಹುಟ್ಟುವ ಮೊಮ್ಮಕ್ಕಳಿಗೆ ಫೋನಿನಲ್ಲಿ ಪ್ರಾರ್ಥನೆಗಳನ್ನು ರೆಕಾರ್ಡ್ ಮಾಡಿಡಬೇಕು. ಇಪ್ಪತ್ಮೂರು ಗಂಟೆಗೆ ಒಂದು ಕೂದಲಿಗೂ ಜಾಗವಿಲ್ಲದ ಹಾಗೆ ಹೊಂದಿಸಿದೆ.

ಹೆಂಡತಿ ಗ್ರಂಥಾಲಯದಿಂದ ಬಂದು ಚೀಲ ಕೆಳಗಿಡುವ ಮೊದಲೇ ಪಟ್ಟಿ ತೋರಿಸಿದೆ. ಇಪ್ಪತ್ತು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿ ಇವಳಿಗೆ ಮನೆಯಲ್ಲೂ ಮೆಲ್ಲಗೆ ಮಾತಾಡುವ ಅಭ್ಯಾಸ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದಳು.

"ಇದ್ರಲ್ಲಿ ನಾನೆಲ್ಲಿದ್ದೀನಿ?"

"ನೀನು ಮನೆಯವಳಲ್ವಾ? ನಿನಗೆ ಯಾಕೆ ಪಟ್ಟಿ?"

"ಅದೂ ಸರಿ" ಎಂದು ಚಹಾ ಇಡಲು ಹೋದಳು. ಅರ್ಥ ಮಾಡಿಕೊಳ್ಳುವ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ.

ಜೂನ್ 5, ಗುರುವಾರ

ಇವತ್ತು ಬೆಳಿಗ್ಗೆ ಗಣಿತದ ಮೇಷ್ಟ್ರಿಗೆ ಪಾಠ. ಒಳ್ಳೆಯ ಮನುಷ್ಯ, ಸ್ಟೇರಿಂಗ್ ಮುಟ್ಟಿದರೆ ಮಾತ್ರ ಮೈಯೆಲ್ಲ ನಡುಕ. ಎರಡು ತಿಂಗಳಿಂದ ನನ್ನ ಪ್ರಾಣ ತಿಂದಿದ್ದಾರೆ. ಮಾತು ಉಳಿಸಬೇಕಲ್ಲ, ಬರೀ ಕೈಸನ್ನೆಯಲ್ಲೇ ಎಡ, ಬಲ, ನಿಧಾನ ಎಂದೆ. ಸಿಗ್ನಲ್ ಬಳಿ ನಿಲ್ಲಿಸಿ ಅವರೇ ಹೇಳಿದರು: "ಸರ್, ನೀವು ಕೂಗದಿದ್ರೆ ನಂಗೆ ರಸ್ತೆ ಕಾಣ್ಸುತ್ತೆ."

ಉತ್ತರ ಕೊಡಲು ಬಾಯಿ ತುರಿಸಿತು. ಗಂಟೆಯ ಲೆಕ್ಕ ನೆನೆದು ಸುಮ್ಮನಾದೆ.

ಜೂನ್ 7, ಶನಿವಾರ

ಪಾಸ್ಟರ್ ಅಯ್ಯನವರಿಗೆ ಪಟ್ಟಿ ತೋರಿಸಲು ಹೋದೆ. ಮೆಚ್ಚಿ ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದು ಸುಳ್ಳೇಕೆ ಹೇಳಲಿ. ಅವರು ಸ್ಟೂಲಿನ ಮೇಲೆ ನಿಂತು ಚರ್ಚಿನ ಫ್ಯಾನ್ ಒರೆಸುತ್ತಿದ್ದರು. ಪಟ್ಟಿಯನ್ನು ಅಲ್ಲಿಂದಲೇ ಓದಿದರು.

"ಇದನ್ನೆಲ್ಲ ಮಾಡು ಅಂತ ಕರ್ತನು ಹೇಳಿದ್ನಾ, ಇಲ್ಲ ನೀವೇ ಆತನಿಗೆ ಹೇಳ್ತಿದ್ದೀರಾ?"

"ಟೈಮ್ ಕಮ್ಮಿ ಇದೆ ಅಯ್ಯನವರೇ."

"ನಿಜ. ಯೇಸುವಿಗೂ ಕೊನೇ ಸಂಜೆ ಟೈಮ್ ಕಮ್ಮಿ ಇತ್ತು. ಬಹಳ ಮಾತಾಡಿದ, ಒಪ್ತೀನಿ. ಆದ್ರೆ ಶುರು ಮಾಡಿದ್ದು ಹತ್ತಿರದಲ್ಲಿ ಕೂತಿದ್ದವರ ಕಾಲು ತೊಳೆಯೋದ್ರಿಂದ."

ಕಾಲು ತೊಳೆಯಲು ನನ್ನ ಗಂಟಲು ಯಾಕೆ ಬೇಕು? ಫ್ಯಾನಿನ ಧೂಳೆಲ್ಲ ನನ್ನ ತಲೆ ಮೇಲೆ ಬಿತ್ತು. ಹನ್ನೊಂದು ನಿಮಿಷ ದಂಡ.

ಜೂನ್ 8, ಭಾನುವಾರ

ಮೊದಲ ಸಾಕ್ಷಿ ಮುಗಿಯಿತು. ಸೇತುವೆಯ ಆಚೆಗಿನ ಚರ್ಚಿನಲ್ಲಿ. ಜನ ಕಿಕ್ಕಿರಿದಿದ್ದರು, ದನಿ ಒಡೆದರೂ ಕೊನೆಯ ಬೆಂಚಿಗೆ ಮುಟ್ಟಿತು. ಮನುಷ್ಯ ತನ್ನ ತಪ್ಪನ್ನು ಒಪ್ಪಿಕೊಳ್ಳದೆ ಸೈತಾನನ ಮೇಲೆ ಹಾಕುತ್ತಾನೆ ಎಂಬುದರ ಮೇಲೆ ಮಾತಾಡಿದೆ. ಪಾಠ ಹೇಳುತ್ತಿದ್ದ ನನ್ನ ಹಳೆಯ ಕಾರಿನ ಕಥೆಯನ್ನೂ ಹೇಳಿದೆ. ಅದಿಲ್ಲದೆ ನನ್ನ ಸಾಕ್ಷಿಗೆ ಉಪ್ಪು ಖಾರ ಇರುವುದಿಲ್ಲ.

ಮದುವೆಯಾದ ಹೊಸದರಲ್ಲಿ ಇವಳಿಗೆ ಡ್ರೈವಿಂಗ್ ಕಲಿಸಲು ಹೋಗಿದ್ದೆ. ನೀರಿನ ಟ್ಯಾಂಕಿನ ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಮುಂದಕ್ಕೆ ಎತ್ತು ಎಂದರೆ, ಎತ್ತುವ ಬದಲು ಕ್ಲಚ್ ಒತ್ತಿಬಿಟ್ಟಳು. ಗಾಡಿ ಹಿಮ್ಮುಖವಾಗಿ ಜಾರಿ ಸೀದಾ ಕೊಳಕ್ಕೆ! "ಯಾಕೆ ಒತ್ತಿದೆ?" ಎಂದರೆ, "ನಾನು ಒತ್ತಲಿಲ್ಲ, ಪೆಡಲ್ ತಾನೇ ಇಳೀತು" ಅನ್ನುತ್ತಾಳೆ. ನಾನು ಕೇಳಿದೆ: "ದೆವ್ವ ಬಂದು ಒತ್ತಿತಾ?" ಇಲ್ಲಿಗೆ ಬಂದರೆ ಯಾವ ಚರ್ಚಾದರೂ ಸರಿ, ಚಾವಣಿ ಹಾರಿಹೋಗುವ ಹಾಗೆ ನಗುತ್ತಾರೆ. ಇವತ್ತೂ ನಕ್ಕರು. ಆಮೇಲೆ ನಾನು ಗಂಭೀರವಾಗಿ, "ಸಹೋದರರೇ, ನಾವೆಲ್ಲರೂ ಹೀಗೆಯೇ" ಎಂದು ವಿಷಯಕ್ಕೆ ಬರುವುದು.

ಇವಳು ಹೆಂಗಸರ ಸಾಲಿನಲ್ಲಿ ಚೀಲದೊಳಗೆ ಏನನ್ನೋ ಹುಡುಕುತ್ತಿದ್ದಳು. ಕೊನೆಗೂ ಏನೂ ತೆಗೆಯಲಿಲ್ಲ. ಇಪ್ಪತ್ತೆಂಟು ನಿಮಿಷ, ಒಂದೂ ವ್ಯರ್ಥವಾಗಲಿಲ್ಲ.

ಜೂನ್ 10, ಮಂಗಳವಾರ

ದರ್ಜಿಯ ಅಂಗಡಿಗೆ ಹೋಗಿ ಅರ್ಧ ಗಂಟೆ ಯೇಸುವಿನ ಸುವಾರ್ತೆ ಹೇಳಿದೆ. ಹೊಲಿಗೆ ಮಿಷನ್ ನಿಲ್ಲಿಸದೆ ಕೇಳಿದ. ಕೊನೆಗೆ "ಮುಂದಿನ ಭಾನುವಾರ ನೋಡೋಣ ಸರ್" ಎಂದ. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು.

ಸಂಜೆ ಊಟಕ್ಕೆ ಕೂತಾಗ ಇವಳಿಗೆ ನಾನೇ ದೊಡ್ಡ ಮನಸ್ಸು ಮಾಡಿ ಕೇಳಿದೆ. "ನಿನಗೂ ಏನಾದ್ರೂ ಬೇಕಾದ್ರೆ ಹೇಳು. ದನಿ ಇರೋವಾಗ್ಲೇ ಹೇಳ್ಬೇಕಾದ್ದು, ರೆಕಾರ್ಡ್ ಮಾಡ್ಬೇಕಾದ್ದು. ಒಂದು ಪ್ರಾರ್ಥನೆ, ಒಂದು ಹಾಡು?"

ಇವಳು ಬ್ರೆಡ್ಡನ್ನು ಸೂಪಿನಲ್ಲಿ ಅದ್ದಿ ಇಟ್ಟುಕೊಂಡೇ ಇದ್ದಳು. "ಡ್ರೈವಿಂಗ್ ಕಲಿಸಿ" ಎಂದಳು.

ನಾನು ನಕ್ಕೆ. ಇವಳು ನಗಲಿಲ್ಲ. ಎದ್ದು ಹೋಗಿ ಕಪಾಟಿನಿಂದ ಒಂದು ಕಾರ್ಡ್ ತಂದು ತಟ್ಟೆಯ ಪಕ್ಕ ಇಟ್ಟಳು. ಕಲಿಯುವವರ ಲೈಸೆನ್ಸ್. ಮೂರು ತಿಂಗಳ ಹಿಂದೆ ಮಾಡಿಸಿದ್ದು!

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಈಗ ನಕ್ಕ ಹಾಗೆ ನಗ್ತಿದ್ರಿ."

ಇರುವ ಹದಿನೈದು ಗಂಟೆಯನ್ನು ಕ್ಲಚ್ಚು, ಬ್ರೇಕು, ಗೇರು ಅನ್ನುವುದರಲ್ಲಿ ಕಳೆಯಬೇಕೆ? ದೇವರ ಕೆಲಸ ಹಾಗೇ ಬಿದ್ದಿದೆ. ಹಾಗಂತ ಹೇಳಿಯೂಬಿಟ್ಟೆ. "ಆಸ್ಪತ್ರೆಗೆ ಎರಡು ಬಸ್ ಬದಲಾಯಿಸ್ಬೇಕು. ಗಂಟಲಲ್ಲಿ ಹೊಲಿಗೆ ಇಟ್ಕೊಂಡು ನೀವು ಬಸ್ಸಲ್ಲಿ ನೇತಾಡ್ತೀರಾ?" ಎಂದಳು. ಒಪ್ಪಿಕೊಂಡೆ, ಆದರೆ ಸಿಟ್ಟು ಇಳಿದಿಲ್ಲ.

ಜೂನ್ 12, ಗುರುವಾರ

ಗ್ರಂಥಾಲಯ ತೆರೆಯುವ ಮೊದಲು ಬೆಳಿಗ್ಗೆ ಆರೂವರೆಗೆ ಇವಳ ಮೊದಲ ಪಾಠ. ಆಟದ ಮೈದಾನದ ಸುತ್ತ ಆರು ಸುತ್ತು. ಒಂದು ಸಲವೂ ಇಂಜಿನ್ ಆಫ್ ಆಗಲಿಲ್ಲ. ಪರವಾಗಿಲ್ಲ, ನಾನು ಕಲಿಸಿದರೆ ಹಾಗೇ. ಮೂವತ್ತೈದು ನಿಮಿಷ ಹೋಯಿತು ಎಂಬುದೇ ಸಂಕಟ. ಹಾಸಿಗೆ ಹಿಡಿದವರ ಪಟ್ಟಿಯಿಂದ ಇಬ್ಬರನ್ನು ತೆಗೆಯಬೇಕಾಯಿತು.

ಜೂನ್ 14, ಶನಿವಾರ

ಎರಡನೇ ಪಾಠ. ಮಾರುಕಟ್ಟೆ ರಸ್ತೆಯಲ್ಲೂ ಒಂದು ಸಲ ಆಫ್ ಆಗಲಿಲ್ಲ. "ನೋಡಿದ್ಯಾ, ನಾನು ಪಕ್ಕದಲ್ಲಿದ್ರೆ ಹೇಗೆ ಬರುತ್ತೆ" ಎಂದೆ. "ಹೂಂ, ಗೊತ್ತಾಗ್ತಿದೆ" ಎಂದಳು. ಆ ದನಿಯಲ್ಲಿ ಏನೋ ಇತ್ತು. ಮಾತು ಉಳಿಸಬೇಕಾದ್ದರಿಂದ ಕೆದಕಲಿಲ್ಲ.

ಮಧ್ಯಾಹ್ನಕ್ಕೆ ದನಿ ಪೂರ್ತಿ ಕಟ್ಟಿಕೊಂಡಿತು. ಮಾತಿಲ್ಲದೆ ಹೋಗಿ ದರ್ಜಿಯ ಅಂಗಡಿಯಲ್ಲಿ ಕೂತೆ. ಅವನು ತಾನಾಗಿಯೇ ಶುರು ಮಾಡಿದ. ಹೆಂಡತಿ ಬಿಟ್ಟುಹೋಗಿ ಮೂರು ವರ್ಷವಾಯಿತಂತೆ. ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ತವರಿನಲ್ಲಿದ್ದಾಳೆ ಎಂದು ಹೇಳಿಕೊಂಡು ಬಂದಿದ್ದಾನೆ. ನನಗೂ ಹಾಗೇ ಹೇಳಿದ್ದ, ನಾನು ನಂಬಿದ್ದೆ. ಎದುರುಮನೆ! ಒಂದು ಗಂಟೆ ಹೇಳಿದ, ನಾನು ತಲೆಯಾಡಿಸಿದೆ. ಬರುವಾಗ "ಬಹಳ ಚೆನ್ನಾಗಿ ಮಾತಾಡಿದ್ರಿ ಸರ್ ಇವತ್ತು" ಎಂದ. ತಮಾಷೆ ಮಾಡಿದನೋ ನಿಜವಾಗಿ ಹೇಳಿದನೋ ಗೊತ್ತಾಗಲಿಲ್ಲ.

ಜೂನ್ 17, ಮಂಗಳವಾರ

ಇದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಏರಿನ ಪಾಠ. ಇವಳೇ "ನೀರಿನ ಟ್ಯಾಂಕಿನ ಹತ್ರ ಹೋಗೋಣ" ಎಂದಳು. ನಾನು ಬೇಡ ಅನ್ನಲಿಲ್ಲ. ಅರ್ಧ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟಳು. ಗಾಡಿಯ ಮೂತಿ ಎದ್ದಿತು. ಹ್ಯಾಂಡ್‌ಬ್ರೇಕ್ ಇಳಿಸಿದಳು. ಆ ಕ್ಷಣ ಗಾಡಿ ಹಿಂದಕ್ಕೆ ಜಾರಿತು. "ಕ್ಲಚ್! ಕ್ಲಚ್ ಯಾಕೆ ಒತ್ತಿದೆ!" ಎಂದು ಕೂಗಿಯೇಬಿಟ್ಟೆ, ಡಾಕ್ಟರಮ್ಮನ ಮಾತು ಗಾಳಿಗೆ ಹೋಯಿತು.

ಇವಳು ಗಾಬರಿಯಾಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಗಾಡಿ ನಿಲ್ಲಿಸಿದಳು. ಆಮೇಲೆ, ಗ್ರಂಥಾಲಯದ ದನಿಯಲ್ಲಿ, "ಕೆಳಗೆ ನೋಡ್ಕೊಳ್ಳಿ" ಎಂದಳು.

ನೋಡಿದೆ. ಕಲಿಸುವವರ ಗಾಡಿಯಲ್ಲಿ ನಮ್ಮ ಕಡೆಗೂ ಕ್ಲಚ್ಚು, ಬ್ರೇಕು ಇರುತ್ತವೆ. ನಾವು ನಮ್ಮದನ್ನು ಒತ್ತಿದರೆ ಕಲಿಯುವವರ ಪೆಡಲ್ಲೂ ಜೊತೆಗೇ ಇಳಿಯುತ್ತದೆ. ನನ್ನ ಎಡಗಾಲು ನನ್ನ ಕ್ಲಚ್ಚಿನ ಮೇಲಿತ್ತು. ನೆಲಕ್ಕೆ ತಾಗುವಷ್ಟು ಒತ್ತಿತ್ತು. ನಾನು ಒತ್ತಿದ್ದು ನನಗೇ ಗೊತ್ತಿರಲಿಲ್ಲ. ಮೈದಾನದಲ್ಲಿ, ಮಾರುಕಟ್ಟೆಯಲ್ಲಿ ಒಂದು ಸಲವೂ ಇಂಜಿನ್ ಆಫ್ ಆಗದಿದ್ದದ್ದೂ ಇದೇ ಕಾಲಿನ ದಯೆ.

"ಅವತ್ತೂ ಹೀಗೇ ಆಗಿದ್ದು" ಎಂದಳು. "ಪೆಡಲ್ ನನ್ನ ಕಾಲಡಿಯಿಂದ ತಾನಾಗೇ ಕೆಳಗೆ ಹೋಯ್ತು. ಹಾಗಂತ ಹೇಳ್ದೆ. ಹಿಂದಿನ ಸೀಟಲ್ಲಿ ನಿಮ್ಮ ಮೂರು ಜನ ಶಿಷ್ಯರಿದ್ರು. ನೀವು ದೆವ್ವ ಒತ್ತಿತಾ ಅಂದ್ರಿ. ಅವ್ರು ನಕ್ರು. ನಾನು ಇಳಿದು ನಡ್ಕೊಂಡು ಮನೆಗೆ ಬಂದೆ."

ನಡೆದುಕೊಂಡು ಬಂದಿದ್ದು ನನಗೆ ನೆನಪೇ ಇಲ್ಲ. ಕಥೆಯಲ್ಲಿ ಆ ಭಾಗ ಇಲ್ಲವಲ್ಲ.

"ನಿಂಗೆ ಇಷ್ಟು ವರ್ಷವೂ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ನಲ್ಲ" ಎಂದಳು. "ಅವತ್ತೇ."

ಜೂನ್ 18, ಬುಧವಾರ

ಶೂನ್ಯ ನಿಮಿಷ.

ಜೂನ್ 19, ಗುರುವಾರ

ಇವತ್ತು ಎರಡನೇ ಚರ್ಚಿನಲ್ಲಿ ಸಾಕ್ಷಿ ಇತ್ತು. ಗಂಟಲು ಸರಿಯಿಲ್ಲ ಎಂದು ಹೇಳಿ ಕಳಿಸಿದೆ. ಗಂಟಲು ಸರಿಯಾಗಿಯೇ ಇತ್ತು.

ಆ ಕಥೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಕಡೆ ಹೇಳಿರಬಹುದು? ನಲವತ್ತು ಚರ್ಚಿಗೆ ಕಡಿಮೆಯಿಲ್ಲ. ಮದುವೆ ಮನೆ, ಯುವಕರ ಶಿಬಿರ, ಮಗಳ ನಿಶ್ಚಿತಾರ್ಥ. ಪ್ರತಿ ಹೊಸ ಶಿಷ್ಯನಿಗೂ ಮೊದಲ ದಿನ. ಮಗಳ ನಿಶ್ಚಿತಾರ್ಥದಲ್ಲಿ ಇವಳು ಎಲ್ಲಿ ಕೂತಿದ್ದಳು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ನಕ್ಕವರ ಮುಖಗಳು ಮಾತ್ರ ಒಂದೊಂದಾಗಿ ನೆನಪಿವೆ.

ಮನುಷ್ಯ ತನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುತ್ತಾನೆ ಎಂದು ಬೋಧಿಸಲು, ನನ್ನ ತಪ್ಪನ್ನು ಇವಳ ಮೇಲೆ ಹಾಕಿದ್ದೇನೆ. ಅದೂ ದೇವರ ಮನೆಯಲ್ಲಿ ನಿಂತು. ನಾಚಿಕೆಯಾಗುತ್ತಿದೆ. ಪ್ರಾರ್ಥನೆಗೆ ಕೂತರೆ ಕಾಲು ಕಣ್ಣ ಮುಂದೆ ಬರುತ್ತದೆ, ಮಾತು ಮುಂದೆ ಹೋಗುವುದಿಲ್ಲ.

ಜೂನ್ 20, ಶುಕ್ರವಾರ

ಹತ್ತು ನಿಮಿಷದ ಮಾತು ಸಿದ್ಧ ಮಾಡಿಕೊಂಡಿದ್ದೆ. ಒಳ್ಳೆಯ ಪೀಠಿಕೆ ಇತ್ತು. ಇವಳು ಊಟದ ಮೇಜಿನ ಮೇಲೆ ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಅಂಟು ಹಾಕುತ್ತಿದ್ದಳು. ಎದುರು ಕೂತೆ. ಪೀಠಿಕೆ ಮರೆತುಹೋಯಿತು.

"ಕ್ಲಚ್ ಒತ್ತಿದ್ದು ನಾನು. ಅವತ್ತೂ ನಾನೇ. ತಪ್ಪಾಯ್ತು. ಕ್ಷಮಿಸು."

ಕಾಲು ನಿಮಿಷವೂ ಹಿಡಿಯಲಿಲ್ಲ. ಇವಳು ಅಂಟಿನ ಬ್ರಷ್ ಡಬ್ಬಿಯ ಅಂಚಿಗೆ ಒರೆಸಿದಳು. ಕಣ್ಣು ಒದ್ದೆಯಾಗಿತ್ತು, ಕೈ ಮಾತ್ರ ಕೆಲಸ ಬಿಡಲಿಲ್ಲ.

"ಕ್ಷಮಿಸಿ ಎಷ್ಟೋ ವರ್ಷ ಆಯ್ತು ರೀ. ಇಲ್ದಿದ್ರೆ ನಿಮ್ ಜೊತೆ ಇರೋಕಾಗ್ತಿತ್ತಾ? ಆದ್ರೆ ಕ್ಲಚ್ ಒತ್ತಿದ್ದು ಯಾರು ಅಂತ ನಂಗೆ ಹೇಳಿದ್ರೆ ಏನು ಬಂತು? ನಂಗೆ ಗೊತ್ತಿತ್ತಲ್ಲ. ಗೊತ್ತಿಲ್ದೆ ಇರೋದು ನಕ್ಕವರಿಗೆ."

ಹೇಳಿ, ಇನ್ನೊಂದು ಪುಸ್ತಕ ತೆಗೆದುಕೊಂಡಳು. ನಾನು ಹರಿದ ಪುಟಗಳನ್ನು ಒತ್ತಿ ಹಿಡಿದುಕೊಂಡೆ. ಹನ್ನೊಂದು ಪುಸ್ತಕ ಮುಗಿಯುವವರೆಗೆ ಕೂತಿದ್ದೆವು.

ಜೂನ್ 21, ಶನಿವಾರ

ಮತ್ತೆ ಏರು. ಗಾಡಿ ಹತ್ತುವ ಮೊದಲೇ ಇವಳು ಷರತ್ತು ಹಾಕಿದಳು: "ಕಾಲು ಮೇಲೆತ್ತಿ ಕೂತ್ಕೊಳ್ಳಿ."

"ಏನಂದೆ?"

"ಸೀಟ್ ಮೇಲೆ. ಚಕ್ಕಳ ಮಕ್ಕಳ ಹಾಕಿ."

ಇಪ್ಪತ್ತಾರು ವರ್ಷದ ಅನುಭವವಿರುವ ಮಾಸ್ತರು ಮುಂದಿನ ಸೀಟಿನಲ್ಲಿ ಚಕ್ಕಳ ಮಕ್ಕಳ ಹಾಕಿ ಕೂತು, ಸೀಟ್ ಬೆಲ್ಟ್ ಕಟ್ಟಿಕೊಂಡು ಹೋಗುವುದನ್ನು ಹಾಲಿನವನೂ ಪೇಪರಿನವನೂ ನಿಂತು ನೋಡಿದರು. ಮಂಡಿ ನೋವು ಬೇರೆ. ಮೊದಲ ಸಲ ಇಂಜಿನ್ ಆಫ್ ಆಯಿತು. ಎರಡನೇ ಸಲವೂ. ನನ್ನ ಕಾಲು ಸೀಟಿನ ಮೇಲೆಯೇ ತಕಪಕ ಕುಣಿಯುತ್ತಿತ್ತು, ಎರಡೂ ಕೈಯಲ್ಲಿ ಹಿಡಿದುಕೊಂಡೆ. ಏನು ಮಾಡಬೇಕೆಂದು ಹೇಳಲೂ ಇಲ್ಲ. ಮೂರನೇ ಸಲ ಗಾಡಿ ಮೂತಿ ಎತ್ತಿ, ಒಂದು ಕ್ಷಣ ಯೋಚಿಸಿ, ಏರಿಯೇಬಿಟ್ಟಿತು.

ಮೇಲೆ ಟ್ಯಾಂಕಿನ ನೆರಳಿನಲ್ಲಿ ನಿಲ್ಲಿಸಿ ಇವಳು ಮನಬಿಚ್ಚಿ ನಕ್ಕಳು. ನನಗೂ ನಗು ಬಂತು, ಗಂಟಲು ನೋಯುವಷ್ಟು. ಇವತ್ತು ಮಾತಾಡಿದ್ದು ಬರೀ ಒಂಬತ್ತು ನಿಮಿಷ. ಉಳಿದದ್ದನ್ನು ಬಳಸಲು ನೆನಪೇ ಆಗಲಿಲ್ಲ.

ಜೂನ್ 22, ಭಾನುವಾರ

ನಮ್ಮ ಚರ್ಚು. ಕೊನೆಯ ಸಾಕ್ಷಿ ಎಂದು ಎಲ್ಲರಿಗೂ ಗೊತ್ತಿತ್ತು, ಬಾಗಿಲವರೆಗೆ ಜನ. ನನಗಾಗಿ ಅರ್ಧ ಗಂಟೆ ಇಟ್ಟಿದ್ದರು. ಮೊದಲ ಸಲ ಪರೀಕ್ಷೆಗೆ ಹೋಗುವ ಶಿಷ್ಯರ ಮೋರೆ ಯಾಕೆ ಬಿಳಿಚಿಕೊಂಡಿರುತ್ತದೆ ಎಂದು ಇವತ್ತು ಗೊತ್ತಾಯಿತು.

ಮೈಕ್ ಹಿಡಿದು ನಿಂತೆ. "ಕಾರಿನ ಕಥೆ ನಿಮಗೆಲ್ಲ ಗೊತ್ತು" ಎಂದೆ. ಅಷ್ಟಕ್ಕೇ ಮುಂದಿನ ಸಾಲಿನವರು ನಗಲು ಶುರು ಮಾಡಿದರು. ಅವರು ನಕ್ಕು ಮುಗಿಸುವವರೆಗೆ ಕಾದೆ. ಆಮೇಲೆ ಹೇಳಿದೆ. ಕ್ಲಚ್ ಒತ್ತಿದ್ದು ನನ್ನ ಕಾಲು. ಇವಳು ಅವತ್ತೇ ನಿಜ ಹೇಳಿದ್ದಳು, ನಾನು ಕೇಳಲಿಲ್ಲ. ಮೂರು ಜನರ ಮುಂದೆ ಹಾಸ್ಯ ಮಾಡಿದೆ, ಇವಳು ಒಬ್ಬಳೇ ನಡೆದು ಮನೆಗೆ ಹೋದಳು. ಆಮೇಲೆ ಇಪ್ಪತ್ತೆರಡು ವರ್ಷ ನೀವೆಲ್ಲ ನಗುವ ಹಾಗೆ ಮಾಡಿದೆ, ಇವಳನ್ನು ಎದುರಿಗೇ ಕೂರಿಸಿಕೊಂಡು. ಅದು ಕೊಳವೂ ಅಲ್ಲ, ಚರಂಡಿ. ಹಿಂದಿನ ಒಂದು ಚಕ್ರ ಇಳಿದಿತ್ತು ಅಷ್ಟೇ. ನಿಮ್ಮೆಲ್ಲರ ಮುಂದೆ ಇವಳಲ್ಲಿ ಕ್ಷಮೆ ಕೇಳುತ್ತೇನೆ. ದೇವರಲ್ಲಿಯೂ.

ನಾಲ್ಕು ನಿಮಿಷ. ಇಪ್ಪತ್ತಾರು ನಿಮಿಷ ಹಾಗೇ ಉಳಿಯಿತು. ಪಾಸ್ಟರ್ ಅಯ್ಯನವರು ಮೈಕ್ ತೆಗೆದುಕೊಂಡು, "ಉಳಿದ ಟೈಮಲ್ಲಿ ಯಾರಿಗೆ ಯಾರ ಹತ್ರ ಹೋಗ್ಬೇಕೋ ಹೋಗಿ ಮಾತಾಡ್ಕೊಂಡು ಬನ್ನಿ, ಆಮೇಲೆ ಹಾಡೋಣ" ಎಂದರು. ಬೆಂಚುಗಳು ಕಿರುಗುಟ್ಟಿದವು. ಅಣ್ಣತಮ್ಮಂದಿರಿಬ್ಬರು ಎದ್ದು ಹೊರಗೆ ಹೋದರು. ಹಾಡು ಶುರುವಾಗುವ ಹೊತ್ತಿಗೆ ಅರ್ಧ ಚರ್ಚು ಅಂಗಳದಲ್ಲಿತ್ತು.

ಮನೆಗೆ ನಡೆದು ಬರುವಾಗ, ನಮ್ಮ ಬೀದಿಯ ತಿರುವಿನಲ್ಲಿ ಇವಳು ನನ್ನ ಕೈ ಹಿಡಿದಳು. "ಚರಂಡಿ ಅಂದ್ರಲ್ಲ," ಎಂದಳು, "ಅದು ಕೇಳಿ ಸಮಾಧಾನ ಆಯ್ತು. ಕೊಳ ಕೊಳ ಅಂತ ಕೇಳಿ ಕೇಳಿ ನಂಗೇ ಅನುಮಾನ ಬಂದಿತ್ತು."

ಎದೆಯ ಮೇಲಿನ ಭಾರ ಇಳಿಯಿತು. ಮೂರು ತಿಂಗಳಲ್ಲಿ ಇಷ್ಟು ಹಗುರವಾಗಿ ಉಸಿರಾಡಿದ್ದಿಲ್ಲ.

ಜೂನ್ 24, ಮಂಗಳವಾರ

ಬೇರೆ ಚರ್ಚುಗಳಿಗೆ ಇದನ್ನೇ ಕಾಗದದಲ್ಲಿ ಬರೆದು ಕಳಿಸಿದೆ, ಆರಾಧನೆಯಲ್ಲಿ ಓದಿ ಎಂದು. ಮಗಳಿಗೆ ಫೋನ್ ಮಾಡಿ ಹೇಳಿದೆ. "ಅಮ್ಮ ನಂಗೆ ಯಾವತ್ತೂ ಹೇಳ್ಲಿಲ್ಲಪ್ಪ" ಎಂದು ಅತ್ತಳು. ನಾನೂ ಅತ್ತೆ. ಆರು ನಿಮಿಷ.

ದರ್ಜಿ ಮನೆಗೆ ಬಂದ. ಕಾಲರ್ ಇಲ್ಲದ, ಮುಂದೆ ಪೂರ್ತಿ ಬಿಚ್ಚಿಕೊಳ್ಳುವ ಎರಡು ಶರ್ಟು ಹೊಲಿದು ತಂದಿದ್ದ, ಗಂಟಲಿನ ಬ್ಯಾಂಡೇಜಿಗೆ ತಾಗಬಾರದೆಂದು. ನಾನು ಕೇಳಿರಲಿಲ್ಲ. ಅವನಿಗೆ ಭಾನುವಾರದ ಮಾತು ಎತ್ತಲಿಲ್ಲ, ಅವನ ಹೆಂಡತಿಯ ಸುದ್ದಿ ಕೇಳಿದೆ. ಪಟ್ಟಿ ತೆಗೆದು ನೋಡಿದೆ. ಅರ್ಧಕ್ಕರ್ಧ ಹಾಗೇ ಇದೆ. ಯುವಕರ ಕೂಟಕ್ಕೆ ಪಾಸ್ಟರ್ ಅಯ್ಯನವರೇ ಹೋಗುತ್ತಾರೆ, ನನಗಿಂತ ಚೆನ್ನಾಗಿಯೇ ಹೇಳುತ್ತಾರೆ.

ಜೂನ್ 25, ಬುಧವಾರ

ಆಸ್ಪತ್ರೆ. ಇವಳೇ ಗಾಡಿ ಓಡಿಸಿಕೊಂಡು ಬಂದಳು, ಮುಂದೆ ಹಿಂದೆ ಕೆಂಪು 'ಎಲ್' ಅಂಟಿಸಿಕೊಂಡು. ಗೇಟಿನ ಕಾವಲುಗಾರ ನನಗೆ ದಾರಿ ತೋರಿಸಲು ಬಂದ, ಇವಳು ತಾನೇ ಎರಡು ವ್ಯಾನ್‌ಗಳ ನಡುವೆ ಹಿಮ್ಮುಖವಾಗಿ ನಿಲ್ಲಿಸಿದಳು.

ನನಗೆ ಭಯವಾಗಿದೆ. ಮುಚ್ಚಿಟ್ಟು ಏನು ಪ್ರಯೋಜನ? ಇವಳಿಗೂ ಹೇಳಿದೆ. "ನಂಗೂ" ಎಂದಳು. ಸಂಜೆ ಏಳಕ್ಕೆ ಭೇಟಿಯ ಸಮಯ ಮುಗಿಯುವವರೆಗೆ, ಇದ್ದ ಒಂದು ಗಂಟೆಯನ್ನು ಚಿಲ್ಲರೆ ಮಾತಿನಲ್ಲಿ ಕಳೆದೆವು. ಗ್ರಂಥಾಲಯಕ್ಕೆ ಪುಸ್ತಕ ತಂದುಕೊಡದವರು ಹೇಳುವ ನೆಪಗಳು. ಮಗಳು ಚಿಕ್ಕವಳಿದ್ದಾಗ ಗೇರ್ ಲಿವರಿಗೆ ಟೋಪಿ ಹಾಕಿದ್ದು. ಪಕ್ಕದ ಮಂಚದವನ ಗೊರಕೆ. ಕೊನೆಗೆ ಇವಳು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು, ನಾನು ಆಮೆನ್ ಎಂದೆ. ಇವಳು ಗಟ್ಟಿಯಾಗಿ ಪ್ರಾರ್ಥಿಸಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಇಷ್ಟು ವರ್ಷ ಮನೆಯಲ್ಲಿ ಪ್ರಾರ್ಥನೆ ಎಂದರೆ ನಾನೇ.

ಜೂನ್ 30, ಸೋಮವಾರ

ಆಪರೇಷನ್ ಮುಗಿದಿದೆ. ಒಂದು ಕಡೆಯ ಧ್ವನಿತಂತು ಉಳಿದಿದೆಯಂತೆ. ದನಿ ಬರುತ್ತದೆ, ಮೊದಲಿನ ಹಾಗಲ್ಲ. ಒಂದು ತಿಂಗಳು ಬಾಯಿ ತೆರೆಯಕೂಡದು. ದೇವರಿಗೆ ಸ್ತೋತ್ರ. ಸ್ತೋತ್ರ.

ಜುಲೈ 11, ಶುಕ್ರವಾರ

ಮನೆಗೆ ಬಂದು ಮೂರು ದಿನವಾಯಿತು. ಗಂಟಲಿನ ನಳಿಕೆ ತೆಗೆದಿದ್ದಾರೆ. ಇವತ್ತು ಆಸ್ಪತ್ರೆಗೆ ಹೋಗಿ ಲ್ಯಾಬಿನ ವರದಿ ತಂದೆವು, ಕತ್ತರಿಸಿದ ಅಂಚುಗಳಲ್ಲಿ ಕ್ಯಾನ್ಸರ್ ಏನೂ ಉಳಿದಿಲ್ಲ. ಡಾಕ್ಟರಮ್ಮ ನಕ್ಕಿದ್ದನ್ನು ಮೊದಲ ಸಲ ನೋಡಿದೆ. ಇವಳು ಆಸ್ಪತ್ರೆಯ ಕಾರಿಡಾರಿನಲ್ಲೇ ಗೋಡೆಗೆ ಒರಗಿ ಅತ್ತಳು, ಆಮೇಲೆ ಕ್ಯಾಂಟೀನಿಗೆ ಹೋಗಿ ಎರಡು ಕೇಕ್ ತಿಂದಳು, ನನ್ನ ಪಾಲಿನದೂ ಸೇರಿ.

ನಾನು ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಇವಳು ಮಾತಾಡುತ್ತಾಳೆ. ಅಬ್ಬಾ, ಎಷ್ಟು ಮಾತಾಡುತ್ತಾಳೆ! ಹಾಜರಿ ಪುಸ್ತಕದ ರಾಜಕೀಯ, ಮೇಲಿನ ಕಪಾಟಿನ ಇಲಿ, ಪ್ರತಿ ದಿನ ಬಂದು ಒಂದೇ ಪುಟ ಓದಿ ಹೋಗುವ ಅಜ್ಜ. ಅಜ್ಜ ಇವತ್ತು ಪುಟ ತಿರುಗಿಸಿದನೇ ಎಂದು ನಾನೇ ಬರೆದು ಕೇಳುತ್ತೇನೆ.

ಜುಲೈ 24, ಗುರುವಾರ

ಡಾಕ್ಟರಮ್ಮ ಸೋಮವಾರದಿಂದ ದಿನಕ್ಕೆ ಹತ್ತು ನಿಮಿಷ ಮಾತಿಗೆ ಅಪ್ಪಣೆ ಕೊಟ್ಟಿದ್ದಾರೆ. ಯಾವುದಕ್ಕೆ ಬಳಸುವುದೆಂದು ಇನ್ನೂ ಯೋಚಿಸಿಲ್ಲ, ಆ ಹೊತ್ತಿಗೆ ಎದುರಿಗೆ ಯಾರಿರುತ್ತಾರೋ ನೋಡೋಣ.

ಇವತ್ತು ಇವಳ ಲೈಸೆನ್ಸ್ ಪರೀಕ್ಷೆ. ಪರೀಕ್ಷೆ ತೆಗೆದುಕೊಳ್ಳುವ ಇನ್‌ಸ್ಪೆಕ್ಟರ್ ನನಗೆ ಇಪ್ಪತ್ತು ವರ್ಷದ ಪರಿಚಯ, ಮಹಾ ಕಟ್ಟುನಿಟ್ಟಿನ ಮನುಷ್ಯ. ನಾನು ಮೈದಾನದ ಬೇಲಿಯ ಹೊರಗೆ ನಿಂತೆ. ಎಂಟರ ಆಕಾರದ ಸುತ್ತು ಹೋದಳು, ಹಿಮ್ಮುಖ ಬಂದಳು, ಕೊನೆಗೆ ಏರಿನಲ್ಲಿ ನಿಲ್ಲಿಸಿ ಎತ್ತಿದಳು. ಗಾಡಿ ಒಂದು ಬೆರಳಷ್ಟೂ ಹಿಂದೆ ಜಾರಲಿಲ್ಲ. ಬೇರೆ ಶಿಷ್ಯರೆಲ್ಲ ಬಾಯಿ ತೆರೆದು ನೋಡುತ್ತಿದ್ದರು.

ಇನ್‌ಸ್ಪೆಕ್ಟರ್ ಇಳಿದು ಕಾಗದದ ಮೇಲೆ ಗುರುತು ಹಾಕಿದರು. ನಾನು ಹತ್ತಿರ ಹೋದೆ, ಹಲಗೆಯನ್ನು ಗಾಡಿಯಲ್ಲೇ ಬಿಟ್ಟಿದ್ದೆ. "ಏರಲ್ಲಿ ಇಷ್ಟು ಸಲೀಸಾಗಿ ಎತ್ತೋರನ್ನ ಈ ವರ್ಷ ನೋಡಿಲ್ಲಮ್ಮ" ಎಂದರು. "ಎಲ್ಲಿ ಕಲಿತ್ರಿ? ಯಾರು ಕಲಿಸಿದ್ದು?"

ನನ್ನನ್ನು ಕಾಲು ಮೇಲೆತ್ತಿ ಕೂರಿಸಿದ್ದನ್ನು ಇವಳು ಹೇಳಬಹುದಿತ್ತು. ಎಲ್ಲರೂ ನಗುತ್ತಿದ್ದರು, ನನಗೆ ಅದು ತಕ್ಕದ್ದೇ ಆಗಿತ್ತು. ಶಿಷ್ಯರು ಸುತ್ತ ನಿಂತಿದ್ದರು, ಇವಳಿಗೆ ಒಳ್ಳೆಯ ಅವಕಾಶ.

"ಇವ್ರೇ" ಎಂದು ನನ್ನ ಕಡೆ ತೋರಿಸಿದಳು. "ಬಹಳ ತಾಳ್ಮೆಯಿಂದ ಕಲಿಸಿದ್ರು."

ಅಲ್ಲ ಎಂದು ಹೇಳಲು ಬಾಯಿ ತೆರೆದೆ, ದನಿ ಇರಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ತಪ್ಪನ್ನು ಇವಳ ತಲೆಗೆ ಕಟ್ಟಿದ್ದೆ. ಇವಳು ತನ್ನ ಗೆಲುವನ್ನು ಒಂದೇ ಮಾತಿನಲ್ಲಿ ನನ್ನ ತಲೆಗೆ ಕಟ್ಟಿದಳು. ಇನ್‌ಸ್ಪೆಕ್ಟರ್ ನನ್ನ ಕೈ ಕುಲುಕಿದರು, ನಾನು ಕುಲುಕಿಸಿಕೊಂಡೆ.

ಗಾಡಿಯಲ್ಲಿ ಹಿಂದಿನ ಸೀಟಿಗೆ ಹೋಗಿ ಕೂತು ಅತ್ತೆ. ಇವಳು ಕನ್ನಡಿಯಲ್ಲಿ ಒಂದು ಸಲ ನೋಡಿದಳು. ಇಂಡಿಕೇಟರ್ ಹಾಕಿ, ಬಲಕ್ಕೆ ತಿರುಗಿ ನೋಡಿ, ಮನೆಯ ದಾರಿ ಹಿಡಿದಳು.